ಸೆಕೆ ಬೇರೆ, ಝಳ ಬೇರೆ

ಮುಂಬಯಿ ಬಳಿಯ ಡೊಂಬಿವಿಲಿಯ ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿರುವ ಅಕ್ಕ ಹೋದ ವಾರ ಸಂಜೆ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಮಗಳಿಗೆ ರಾಜಸ್ಥಾನದ ಫಲೋದಿಯ ಕಡೆ, ಭಡ್ಲಾದ ಸೌರ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿದೆ. ಏಪ್ರಿಲ್ ಮೊದಲ ವಾರದಲ್ಲಿ ಹೊರಡಬೇಕು. ಅಕ್ಕನ ಊರು ಕುಂದಾಪುರ, ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. "ನೀವು ಆ ಕಡೆ ಆರು ವರ್ಷ ಇದ್ದವರು. ಅಷ್ಟು ಸೆಕೆಯಲ್ಲಿ ಹೇಗೆ ದಿನ ತೆಗೆದಿರಿ ಅಂತ ಇವಳಿಗೆ ಸ್ವಲ್ಪ ಹೇಳಿ ಮಾರಾಯ್ರೆ" ಎಂದರು. ಆ ಸಂಜೆ ನೆನಪಾದಷ್ಟನ್ನು ಹೇಳಿದೆ. ಅವರು ಹೋದ ಮೇಲೆ, ಹೇಳಬೇಕಾದದ್ದರಲ್ಲಿ ಅರ್ಧವನ್ನೂ ಹೇಳಿಲ್ಲ ಎಂದು ಅನ್ನಿಸಿ ನಿದ್ದೆ ಬರಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ 'ಸೆಕೆ' ಎಂಬ ಮಾತಿನಿಂದಲೇ ಆರಂಭಿಸಬೇಕು. ಕರಾವಳಿಯವರಿಗೆ ಬೇಸಿಗೆ ಎಂದರೆ ಸೆಕೆ. ಕಲಬುರಗಿಯಲ್ಲಿ ಹುಟ್ಟಿದ ನನಗೆ ಬೇಸಿಗೆ ಎಂದರೆ ಬಿಸಿಲು ಮತ್ತು ಅದರ ಝಳ. ಸೆಕೆಯಲ್ಲಿ ಮೈ ತೊಯ್ದು ತೊಪ್ಪೆಯಾಗುತ್ತದೆ, ಉಟ್ಟ ಬಟ್ಟೆ ಬೆನ್ನಿಗೆ ಅಂಟುತ್ತದೆ. ಝಳದಲ್ಲಿ ಮೈ ಒಣಗಿಯೇ ಇರುತ್ತದೆ, ತುಟಿ ಸೀಳುತ್ತದೆ, ಮೂಗಿನ ಒಳಗೆ ಉರಿಯುತ್ತದೆ. ಈ ಎರಡನ್ನೂ ಒಂದೇ ಎಂದು ಭಾವಿಸಿ ಮುಂಬಯಿಯಿಂದ ಮರಳುಗಾಡಿಗೆ ಹೋದವರು ಮೊದಲ ತಿಂಗಳಲ್ಲಿಯೇ ಮೋಸ ಹೋಗುತ್ತಾರೆ, ಏಕೆಂದರೆ ಇಲ್ಲಿ ಬೆವರು ಕಣ್ಣಿಗೆ ಕಂಡು ನಮ್ಮನ್ನು ಎಚ್ಚರಿಸುತ್ತದೆ, ಅಲ್ಲಿ ಅದು ಕಾಣುವುದೇ ಇಲ್ಲ.

ನಾನು ಬಿಸಿಲ ನಾಡಿನವಳಾಗಿದ್ದೂ ಮೋಸ ಹೋದೆ. ನನ್ನ ಯಜಮಾನರಿಗೆ 2011ರಲ್ಲಿ ಜೈಸಲ್ಮೇರ್ ಜಿಲ್ಲೆಯ ಗಾಳಿಯಂತ್ರಗಳ ನಿರ್ವಹಣೆಯ ಕೆಲಸ ಸಿಕ್ಕಿ ಮಾರ್ಚ್ ತಿಂಗಳಲ್ಲಿ ನಾವು ಅಲ್ಲಿಗೆ ಹೋದೆವು. ಕಲಬುರಗಿಯಲ್ಲಿ 43 ಡಿಗ್ರಿಯನ್ನು ಕಂಡವಳಿಗೆ ಏಪ್ರಿಲ್ ತಿಂಗಳ ಜೈಸಲ್ಮೇರ್ ಏನು ಮಾಡೀತು ಎಂಬ ಧೈರ್ಯದಿಂದ ಒಂದು ದಿನ ಹನ್ನೊಂದು ಗಂಟೆಗೆ ತರಕಾರಿ ತರಲು ಹೋಗಿ, ಅಂಗಡಿ ಅಂಗಡಿ ಅಲೆದು, ಒಂದು ಗಂಟೆಗೆ ಹಿಂತಿರುಗಿದೆ. ಒಂದು ಹನಿ ಬೆವರಿರಲಿಲ್ಲ, ಅಂತಹ ಬಾಯಾರಿಕೆಯೂ ಆಗಿರಲಿಲ್ಲ. ಸಂಜೆಯ ಹೊತ್ತಿಗೆ ತಲೆ ಸಿಡಿಯತೊಡಗಿತು, ವಾಂತಿಯಾಯಿತು, ಎರಡೂ ಕಾಲಿನ ಮೀನಖಂಡಗಳು ಗಂಟು ಕಟ್ಟಿದಂತೆ ಹಿಡಿದುಕೊಂಡವು. ಮನೆಯ ಮಾಲೀಕರ ವಯಸ್ಸಾದ ತಾಯಿ, ಎಲ್ಲರೂ ಮಾಜೀ ಎಂದು ಕರೆಯುತ್ತಿದ್ದವರು, ಹುರಿದ ಜೀರಿಗೆ ಮತ್ತು ಉಪ್ಪು ಹಾಕಿದ ಮಜ್ಜಿಗೆಯನ್ನು ದೊಡ್ಡ ಚೊಂಬಿನಲ್ಲಿ ತಂದು ಗುಟುಕು ಗುಟುಕಾಗಿ ಕುಡಿಸಿದರು. "ಬೆವರು ಕಾಣಲಿಲ್ಲ ಅಂತ ಬೆವರೇ ಇಲ್ಲ ಅಂದುಕೊಂಡೆಯಾ ಮಗಳೇ? ಗಾಳಿ ಕುಡಿದುಬಿಟ್ಟಿತು ಅದನ್ನು" ಎಂದು ಅವರು ಮಾರವಾಡಿಯಲ್ಲಿ ಹೇಳಿದ್ದು, ಅವರ ಸೊಸೆ ಹಿಂದಿಯಲ್ಲಿ ತಿಳಿಸಿದ ಮೇಲೆ ನನಗೆ ಅರ್ಥವಾಯಿತು.

ಗಾಳಿ ಕುಡಿದ ಬೆವರನ್ನು ನಾನು ಕಣ್ಣಾರೆ ಕಂಡದ್ದು ಯಜಮಾನರ ಅಂಗಿಯಲ್ಲಿ. ಅವರದು ಕಡುನೀಲಿ ಬಣ್ಣದ ಸಮವಸ್ತ್ರ. ಸಂಜೆ ಮನೆಗೆ ಬಂದಾಗ ಅಂಗಿ ಗರಿಗರಿಯಾಗಿ ಒಣಗಿರುತ್ತಿತ್ತು, "ಇವತ್ತು ಬೆವರೇ ಬರಲಿಲ್ಲ ನೋಡು" ಎಂದು ಅವರೂ ಹೇಳುತ್ತಿದ್ದರು. ಆದರೆ ಬೆನ್ನಿನ ಮೇಲೆ, ಕೆರೆ ಬತ್ತುತ್ತ ಹೋದ ಹಾಗೆ ದಡದಲ್ಲಿ ಉಳಿಯುವ ಗೆರೆಗಳಂತೆ, ಒಂದರೊಳಗೊಂದು ಬಿಳಿಯ ಅಂಚುಗಳು ಮೂಡಿರುತ್ತಿದ್ದವು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಅದು ಉಪ್ಪು. ಅಷ್ಟು ಉಪ್ಪು ಹೊರಬರಲು ಎಷ್ಟು ಲೀಟರ್ ನೀರು ಮೈಯಿಂದ ಹೋಗಿರಬೇಕು ಎಂದು ಯೋಚಿಸಿದ ದಿನದಿಂದ ನಾನು ಅವರ ನೀರಿನ ಕ್ಯಾನನ್ನು ಸಂಜೆ ಅಲುಗಿಸಿ, ಎಷ್ಟು ಉಳಿದಿದೆ ಎಂದು ನೋಡತೊಡಗಿದೆ.

ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಅದು ಮೈಯಿಂದ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಸುತ್ತಲಿನ ಗಾಳಿಯೇ ಮೈಗಿಂತ ಬಿಸಿಯಾಗಿರುವಾಗ ದೇಹಕ್ಕೆ ಉಳಿದಿರುವುದು ಈ ಒಂದೇ ದಾರಿ. ಬಿಸಿಲಿನಲ್ಲಿ ಮೈಮುರಿದು ದುಡಿಯುವವರು ಒಂದು ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರಬಹುದು, ಆದರೆ ಬಾಯಾರಿಕೆ ಎಂಬುದು ಯಾವಾಗಲೂ ತಡವಾಗಿ ಬರುವ ದೂತ. ಆದ್ದರಿಂದ ಅಲ್ಲಿನವರು ಬಾಯಾರಿದಾಗ ಕುಡಿಯುವುದಿಲ್ಲ, ಹೊತ್ತು ನೋಡಿ ಕುಡಿಯುತ್ತಾರೆ. ಮನೆಯಿಂದ ಹೊರಡುವ ಮುನ್ನ ಒಂದು ಲೋಟ, ತಲುಪಿದ ಕೂಡಲೇ ಒಂದು ಲೋಟ. ಮೂತ್ರದ ಬಣ್ಣ ತಿಳಿಹಳದಿಯಾಗಿದ್ದರೆ ಸರಿ, ಗಾಢವಾದರೆ ನೀರು ಸಾಲದು ಎಂಬ ಲೆಕ್ಕ ಎಲ್ಲರಿಗೂ ಬರುತ್ತದೆ, ಆದರೆ ಬೆಳಗಿನಿಂದ ಒಮ್ಮೆಯೂ ಮೂತ್ರಕ್ಕೆ ಹೋಗಿಲ್ಲ ಎಂಬುದು ಹೆಣ್ಣುಮಕ್ಕಳು ಕೆಲಸದ ಸ್ಥಳದಲ್ಲಿ ಶೌಚಾಲಯವಿಲ್ಲವೆಂದು ನೀರು ಕುಡಿಯದೆ ಇರುವುದರಿಂದಲೂ ಆಗುತ್ತದೆ. ನಾನು ಆ ಹುಡುಗಿಗೆ ಒತ್ತಿ ಹೇಳಿದ ಮೊದಲ ಮಾತು ಇದು: ಕೆಲಸಕ್ಕೆ ಸೇರುವ ಮೊದಲು ಸಂಬಳದ ಜೊತೆಗೆ ಶೌಚಾಲಯ ಎಷ್ಟು ದೂರದಲ್ಲಿದೆ ಎಂಬುದನ್ನೂ ಕೇಳು.

ಬರಿಯ ನೀರನ್ನೇ ಕೊಡಗಟ್ಟಲೆ ಕುಡಿಯುವುದೂ ತಪ್ಪು. ಹೋದದ್ದು ನೀರು ಮತ್ತು ಉಪ್ಪು ಎರಡೂ. ನೀರೊಂದನ್ನೇ ತುಂಬಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ಗೊಂದಲ, ಕೊನೆಗೆ ಅಪಸ್ಮಾರದಂತಹ ಸೆಳೆತದವರೆಗೂ ಹೋಗಬಹುದು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಎಂಬ ಅಳತೆಯನ್ನು ನಾನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಔಷಧಿ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪುಡಿಯ ಪೊಟ್ಟಣ ಇನ್ನೂ ಒಳ್ಳೆಯದು, ಆದರೆ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿರುವುದನ್ನು ನೋಡಿಕೊಳ್ಳಬೇಕು. ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ತೊಂದರೆಗೆ ಮಾತ್ರೆ ತೆಗೆದುಕೊಳ್ಳುವವರು ಉಪ್ಪಿನ ವಿಷಯವನ್ನು ವೈದ್ಯರಲ್ಲಿ ಕೇಳದೆ ತೀರ್ಮಾನಿಸಬಾರದು. ಇನ್ನು ದಿನದ ಮಟ್ಟಿಗೆ ಮಜ್ಜಿಗೆಗೆ ಮಿಗಿಲಾದದ್ದನ್ನು ನಾನು ಕಾಣಲಿಲ್ಲ. ಅಲ್ಲಿ ಸಜ್ಜೆಯ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಬೇಯಿಸಿ, ತಣಿಸಿ ಕುಡಿಯುವ ರಾಬಡಿಯನ್ನು ಮೊದಲ ಬಾರಿ ಬಾಯಿಗಿಟ್ಟಾಗ ನನಗೆ ನನ್ನ ಅಜ್ಜಿಯ ಜೋಳದ ಅಂಬಲಿಯೇ ನೆನಪಾಯಿತು. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಲೂ ಎಂಬ ಬೇಸಿಗೆಯ ಒಣ ಬಿಸಿಗಾಳಿ ತಾಗುವುದಿಲ್ಲ ಎಂಬ ನಂಬಿಕೆಯೂ ಅಲ್ಲಿದೆ. ಈರುಳ್ಳಿಯನ್ನು ರೊಟ್ಟಿಯ ಜೊತೆ ತಿನ್ನಲಿ, ಆದರೆ ಜೇಬಿನಲ್ಲಿರುವ ಈರುಳ್ಳಿಯನ್ನು ನಂಬಿ ಯಾರೂ ನಡುಮಧ್ಯಾಹ್ನ ಹೊರಗೆ ಹೋಗಬಾರದು.

ಮನೆಯ ವಿಚಾರದಲ್ಲಿ ಮಾಜೀಯೇ ನನಗೆ ಗುರು. ಅವರ ಹಳೆಯ ಮನೆ ಎರಡು ಅಡಿ ದಪ್ಪದ ಹಳದಿ ಕಲ್ಲಿನ ಗೋಡೆಗಳದ್ದು, ಕಿಟಕಿಗಳು ಸಣ್ಣವು, ಓಣಿ ಎಷ್ಟು ಕಿರಿದೆಂದರೆ ಎದುರುಬದುರಿನ ಮನೆಗಳು ಒಂದಕ್ಕೊಂದು ನೆರಳು ಕೊಡುತ್ತಿದ್ದವು. ನಾವಿದ್ದದ್ದು ಅದರ ಹಿಂದೆ ಹೊಸದಾಗಿ ಕಟ್ಟಿದ, ತೆಳುಗೋಡೆಯ, ಕಾಂಕ್ರೀಟ್ ತಾರಸಿಯ ಎರಡು ಕೋಣೆಗಳಲ್ಲಿ. ದಪ್ಪ ಕಲ್ಲಿನ ಒಳಗೆ ಬಿಸಿಲಿನ ಶಾಖ ಇಳಿಯಲು ಹಲವು ಗಂಟೆಗಳೇ ಬೇಕು, ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ನಮ್ಮ ತಾರಸಿಯಾದರೋ ಎರಡು ಗಂಟೆಗೆಲ್ಲ ಕಾದ ಹೆಂಚಿನಂತಾಗುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಎಲ್ಲ ಕಿಟಕಿ ಬಾಗಿಲುಗಳನ್ನು ಮುಚ್ಚಿ, ದಪ್ಪ ಪರದೆ ಇಳಿಬಿಟ್ಟು, ಅಡುಗೆಯನ್ನು ಅಷ್ಟರೊಳಗೆ ಮುಗಿಸಿ, ಸೂರ್ಯ ಮುಳುಗಿದ ಮೇಲೆ ಎಲ್ಲವನ್ನೂ ಹಾರುಹೊಡೆಯುವುದನ್ನು ಅವರೇ ಕಲಿಸಿದರು. ಕಿಟಕಿ ತೆಗೆದರೆ ಗಾಳಿ ಬರುತ್ತದೆ ಎಂದು ತಿಳಿದವಳಿಗೆ, ಹಗಲು ಕಿಟಕಿ ತೆಗೆದರೆ ಬರುವುದು ಗಾಳಿಯಲ್ಲ, ಬೆಂಕಿ ಎಂದು ಒಪ್ಪಿಕೊಳ್ಳಲು ಒಂದು ತಿಂಗಳು ಹಿಡಿಯಿತು. ತಾರಸಿಯ ಮೇಲಿನ ಕಪ್ಪು ಟ್ಯಾಂಕಿನ ನೀರು ಹಗಲಿನಲ್ಲಿ ಕೈ ಸುಡುತ್ತಿದ್ದುದರಿಂದ ಮುಂಜಾನೆ ಐದಕ್ಕೇ ಎದ್ದು ಬಕೆಟ್ಟುಗಳಿಗೆ ತುಂಬಿ ಒಳಗಿನ ಕತ್ತಲೆ ಮೂಲೆಯಲ್ಲಿ ಇಟ್ಟು, ಸಂಜೆಯ ಸ್ನಾನಕ್ಕೆ ಅದನ್ನೇ ಬಳಸುತ್ತಿದ್ದೆವು.

ಕೂಲರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂಬಯಿಯವರು ಅದನ್ನು ಏನೂ ಪ್ರಯೋಜನವಿಲ್ಲದ ಡಬ್ಬಿ ಎಂದು ತಿಳಿದಿದ್ದಾರೆ. ಇಲ್ಲಿ ಅದು ನಿಜ. 34 ಡಿಗ್ರಿ ಬಿಸಿ, ಶೇಕಡ 70 ತೇವವಿರುವ ನಮ್ಮ ಮೇ ತಿಂಗಳ ಗಾಳಿಯನ್ನು ಒದ್ದೆ ಹುಲ್ಲಿನ ಮೂಲಕ ಹಾಯಿಸಿ ಎಷ್ಟೇ ತಣಿಸಿದರೂ ಅದು ಸುಮಾರು 29 ಡಿಗ್ರಿಗಿಂತ ಕೆಳಗೆ ಇಳಿಯಲಾರದು, ಅದೂ ಇನ್ನಷ್ಟು ತೇವ ತುಂಬಿಕೊಂಡು. ಆದರೆ 44 ಡಿಗ್ರಿ ಬಿಸಿ, ಶೇಕಡ 10 ತೇವವಿರುವ ಜೈಸಲ್ಮೇರಿನ ಗಾಳಿಗೆ ಆ ಮಿತಿ ಸುಮಾರು 21 ಡಿಗ್ರಿ. ಕೂಲರ್ ಅಷ್ಟರವರೆಗೆ ಇಳಿಸುವುದಿಲ್ಲವಾದರೂ ಇಪ್ಪತ್ತೇಳು, ಇಪ್ಪತ್ತೆಂಟಕ್ಕೆ ತಂದರೆ ಅದೇ ಸ್ವರ್ಗ. ನಾವು ಮೂರು ಬದಿಗೆ ಹುಲ್ಲಿನ ತಡಿಕೆ ಇರುವ ತಗಡಿನ ಕೂಲರನ್ನು ಕೊಂಡ ದಿನ, ತಂಪು ಹೊರಗೆ ಹೋಗಬಾರದೆಂದು ಕೋಣೆಯ ಬಾಗಿಲು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿಕೊಂಡು ಕುಳಿತೆವು. ಅರ್ಧ ಗಂಟೆಯಲ್ಲಿ ಕೋಣೆಯೊಳಗೆ ಕುಂದಾಪುರದ ಸೆಕೆಯೇ ಬಂದು ಕೂತಿತು, ಗೋಡೆ ಕೂಡ ಮುಟ್ಟಿದರೆ ಅಂಟುತ್ತಿತ್ತು. ಮಾಜೀಯ ಮಗ ಬಂದು ನೋಡಿ, ಏನೂ ಹೇಳದೆ ಎದುರಿನ ಗೋಡೆಯ ಕಿಟಕಿಯನ್ನು ನಾಲ್ಕು ಬೆರಳಿನಷ್ಟು ತೆಗೆದರು. ತೇವ ತುಂಬಿದ ಗಾಳಿ ಹೊರಗೆ ಹೋಗಲು ದಾರಿಯಾದ ಕೂಡಲೇ ಕೋಣೆ ಬದಲಾಯಿತು. ಜುಲೈ ಆಗಸ್ಟಿನಲ್ಲಿ ಆ ಸೀಮೆಯ ಗಾಳಿಗೂ ತೇವ ಬಂದಾಗ ಮಾತ್ರ ಅದೇ ಕೂಲರ್ ಕೈಕೊಡುತ್ತಿತ್ತು. ಹಳೆಯ ಮನೆಗಳಲ್ಲಿ ಬಾಗಿಲಿಗೆ ಕಟ್ಟುವ ಖಸ್ ಪರದೆಯೂ, ಎಂದರೆ ನಮ್ಮ ಲಾವಂಚದ ಬೇರಿನ ಪರದೆಯೂ, ಕುಡಿಯುವ ನೀರಿನ ಮಣ್ಣಿನ ಹೂಜಿಯೂ ಕೆಲಸ ಮಾಡುವುದು ಇದೇ ಆವಿಯಾಗುವ ಗುಣದಿಂದ. ನಮ್ಮ ಕಡೆಯ ರಂಜಣಿಗೆಯ ನೀರು ಕಲಬುರಗಿಯಲ್ಲಿ ಹಲ್ಲು ಜುಮ್ಮೆನ್ನುವಂತಿದ್ದು, ಡೊಂಬಿವಿಲಿಗೆ ತಂದಾಗ ಸಪ್ಪಗಾದದ್ದು ಏಕೆಂದು ನನಗೆ ತಿಳಿದದ್ದು ಜೈಸಲ್ಮೇರಿಗೆ ಹೋದ ಮೇಲೆ.

ಬರಿಯ ಫ್ಯಾನನ್ನು ಮಾತ್ರ ನಂಬಬಾರದು. ಗಾಳಿಯ ತಾಪ 40 ಡಿಗ್ರಿ ದಾಟಿದರೆ ಫ್ಯಾನ್ ಮೈಯನ್ನು ತಣಿಸುವ ಬದಲು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಒದ್ದೆ ಬಟ್ಟೆ ಹೊದ್ದು ಕುಳಿತರೆ ಆ ಮಾತು ಬೇರೆ. ಬಟ್ಟೆಯ ವಿಷಯದಲ್ಲೂ ಹಾಗೆಯೇ: ಬಿಸಿಲಿಗೆ ಕಡಿಮೆ ಉಡುವುದಲ್ಲ, ಸಡಿಲವಾಗಿ ಪೂರ್ತಿ ಮುಚ್ಚಿಕೊಳ್ಳುವುದು. ಮುಖಕ್ಕೆ ಸುತ್ತಿದ ಹತ್ತಿಯ ಓಢಣಿಯೇ ನನ್ನನ್ನು ಆರು ವರ್ಷ ಕಾಪಾಡಿತು.

2016ರ ಮೇ 19ರಂದು ಫಲೋದಿಯಲ್ಲಿ 51 ಡಿಗ್ರಿ ದಾಖಲಾಯಿತು, ಭಾರತದ ಹವಾಮಾನ ಇಲಾಖೆಯ ದಾಖಲೆಗಳಲ್ಲಿ ಅದಕ್ಕಿಂತ ಹೆಚ್ಚಿನದು ಇಲ್ಲ. ಹವಾಮಾನ ಕೇಂದ್ರದವರು ತಾಪವನ್ನು ಅಳೆಯುವುದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯ ನೆರಳಿನಲ್ಲಿ. ಬಿಸಿಲಿಗೆ ಬಿದ್ದ ಕಲ್ಲು, ಕಬ್ಬಿಣಗಳ ಬಿಸಿ ಅದಕ್ಕಿಂತ ಬಹಳ ಹೆಚ್ಚು. ಆ ವಾರ ನಾವು ಗೇಟಿನ ಚಿಲಕಕ್ಕೆ ಬಟ್ಟೆ ಸುತ್ತಿದ್ದೆವು. ಒಂದು ಮಧ್ಯಾಹ್ನ ಮೂರು ಗಂಟೆಗಳ ಕಾಲ ಕರೆಂಟು ಹೋಗಿ ಕೂಲರ್ ನಿಂತಾಗ ನಾನು ಮಗುವನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ಮಾಜೀಯ ಮನೆಯ ಒಳಕೋಣೆಗೆ ಓಡಿದೆ. ಆ ಕಲ್ಲಿನ ಕೋಣೆಯ ನೆಲದ ಮೇಲೆ ಅವರ ಮನೆಯ ಏಳು ಜನ ಮತ್ತು ನಾವು ಇಬ್ಬರು, ಮಾತಿಲ್ಲದೆ, ಕಾಲು ಚಾಚಿಕೊಂಡು ಕುಳಿತೆವು. ಯಾರೂ ಯಾವ ಕೆಲಸವನ್ನೂ ಮಾಡಲಿಲ್ಲ. ಹನ್ನೊಂದರಿಂದ ಐದರವರೆಗೆ ಸುಮ್ಮನಿರುವುದನ್ನು ಅಲ್ಲಿ ಯಾರೂ ಸೋಮಾರಿತನ ಎನ್ನುವುದಿಲ್ಲ, ಮತ್ತು ಇದೇ ನಗರದಿಂದ ಹೋದವರಿಗೆ ಕಲಿಯಲು ಅತ್ಯಂತ ಕಷ್ಟವಾದ ಪಾಠ.

ಮೇ 25ರ ಸುಮಾರಿಗೆ ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬಂದ ಮೇಲಿನ ಒಂಬತ್ತು ದಿನಗಳನ್ನು ಅಲ್ಲಿ ನೌತಪಾ ಎನ್ನುತ್ತಾರೆ, ವರ್ಷದ ಅತಿ ಕಠಿಣ ಬಿಸಿಲಿನ ದಿನಗಳೆಂದು ಎಣಿಸುತ್ತಾರೆ. ನಮ್ಮ ರೈತರಿಗೆ ರೋಹಿಣಿ ಎಂದರೆ ಮಳೆಯ ಹೆಸರು, ಬಿತ್ತನೆಗೆ ಹದ ಕೊಡುವ ಮಳೆ. ಅಪ್ಪ ಊರಿನಿಂದ ಫೋನ್ ಮಾಡಿ "ರೋಹಿಣಿ ಹಿಡಿದೈತವ್ವಾ" ಎಂದು ಸಂತೋಷದಿಂದ ಹೇಳುತ್ತಿದ್ದಾಗ ನಾನು ಅದೇ ರೋಹಿಣಿಯ ಹೆಸರಿನಲ್ಲಿ ಕಿಟಕಿ ಮುಚ್ಚುತ್ತಿದ್ದೆ. ಅಷ್ಟು ಬಿಸಿಲಿನಲ್ಲೂ ಹಸಿರಾಗಿ ನಿಲ್ಲುವ ಮರ ಅಲ್ಲಿ ಖೇಜಡಿ. ಅದು ಬೇರಾವುದೂ ಅಲ್ಲ, ದಸರೆಗೆ ನಾವು ಬಂಗಾರವೆಂದು ಹಂಚಿಕೊಳ್ಳುವ ಬನ್ನಿ. ಅದರ ಕಾಯಿಯನ್ನೇ ಒಣಗಿಸಿ ಸಾಂಗರಿ ಎಂದು ಪಲ್ಯ ಮಾಡುತ್ತಾರೆ. ಹಸಿ ತರಕಾರಿ ಬಾಡಿ ಹೋಗುವ ಆ ತಿಂಗಳುಗಳಲ್ಲಿ ನಮ್ಮ ಊಟವನ್ನು ನಡೆಸಿದ್ದು ಅದೇ ಪಲ್ಯ.

ಇಷ್ಟೆಲ್ಲಕ್ಕಿಂತ ಮುಖ್ಯವಾದ ಒಂದನ್ನು ಆ ಸಂಜೆ ಅಕ್ಕನ ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಯಜಮಾನರು ಕೆಲಸ ಮಾಡುತ್ತಿದ್ದ ಕಡೆ ಗುತ್ತಿಗೆದಾರರೊಬ್ಬರು ಒಂದು ಮೇ ತಿಂಗಳಲ್ಲಿ ಬೆಟ್ಟದ ಸೀಮೆಯಿಂದ ಹುಡುಗನೊಬ್ಬನನ್ನು ಕರೆತಂದು ಮೊದಲ ದಿನವೇ ಎಂಟು ಗಂಟೆಗಳ ಪೂರ್ತಿ ಪಾಳಿಗೆ ಹಾಕಿದರು. ಮಧ್ಯಾಹ್ನ ಅವನು ಮಾತು ತೊದಲತೊಡಗಿ, ಸಂಬಂಧವಿಲ್ಲದ್ದನ್ನು ಹೇಳಿ, ಕುಸಿದು ಬಿದ್ದ. ಜೊತೆಯವರು ಗಾಬರಿಯಿಂದ ಅವನನ್ನು ಜೀಪಿನಲ್ಲಿ ಮಲಗಿಸಿ, ಒಂದು ಹನಿ ನೀರನ್ನೂ ಮೈಮೇಲೆ ಸುರಿಯದೆ ಒಂದು ಗಂಟೆ ಪ್ರಯಾಣ ಮಾಡಿಸಿದರು. ಅವನು ಬದುಕಿದ, ಆದರೆ ಮೂತ್ರಪಿಂಡಗಳಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ನರಳಿದ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಅದರಲ್ಲಿ ಯಾವುದೂ ಆಗಬೇಕಾಗಿರಲಿಲ್ಲ.

ದೇಹ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆ ದಿನಗಳಲ್ಲಿ ಬೆವರು ಬೇಗ ಬರಲು, ಹೆಚ್ಚು ಬರಲು, ಅದರಲ್ಲಿ ಉಪ್ಪು ಕಡಿಮೆ ಹೋಗಲು ಮೈ ಕಲಿಯುತ್ತದೆ. ಹೊಸಬರಿಗೆ ಮೊದಲ ದಿನ ಪೂರ್ತಿ ಕೆಲಸದ ಐದನೆಯ ಒಂದು ಭಾಗವನ್ನಷ್ಟೇ ಬಿಸಿಲಿನಲ್ಲಿ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸಬೇಕೆಂಬುದು ಔದ್ಯೋಗಿಕ ಆರೋಗ್ಯದ ತಜ್ಞರ ನಿಯಮ. ರಜೆಗೆಂದು ಮುಂಬಯಿಗೆ ಬಂದು ಕೆಲವು ವಾರ ಇದ್ದು ಹೋದರೆ ಮೈ ಕಲಿತದ್ದನ್ನು ಮರೆತಿರುತ್ತದೆ, ಮತ್ತೆ ಮೊದಲಿನಿಂದ ನಿಧಾನವಾಗಿ ಆರಂಭಿಸಬೇಕು. ಯಾರಿಗಾದರೂ ಬಿಸಿಲಿನಲ್ಲಿ ಮಾತು ತಪ್ಪಿದರೆ, ನಡಿಗೆ ತೂರಾಡಿದರೆ, ಪ್ರಜ್ಞೆ ತಪ್ಪಿದರೆ ಅದನ್ನು ಬಿಸಿಲಾಘಾತ ಎಂದೇ ತಿಳಿಯಬೇಕು. ಮೈ ಒಣಗಿರಲಿ, ಒದ್ದೆಯಿರಲಿ, ಅದು ಲೆಕ್ಕಕ್ಕಿಲ್ಲ. 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ಕಾಯದೆ ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಬೇಕು. ಐಸ್ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಜ್ವರದ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು.

ಇಲ್ಲಿಯ ಸೆಕೆಯನ್ನು ಹಗುರವೆಂದು ನಾನು ಹೇಳುತ್ತಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಬಯಲಿನಲ್ಲಿ ನಡೆದ ಸಮಾರಂಭಕ್ಕೆ ಬಂದವರಲ್ಲಿ 14 ಮಂದಿ ಬಿಸಿಲಾಘಾತದಿಂದ ತೀರಿಕೊಂಡಾಗ ತಾಪಮಾನ 38 ಡಿಗ್ರಿಯ ಆಸುಪಾಸಿನಲ್ಲಿತ್ತು, ಜೈಸಲ್ಮೇರಿನಲ್ಲಿ ಯಾರೂ ಬೆಚ್ಚದ ಅಂಕಿ ಅದು. ಬೆವರು ಆವಿಯಾಗದೆ ಹನಿಯಾಗಿ ಕೆಳಗೆ ಬಿದ್ದರೆ ನೀರೂ ಹೋಗುತ್ತದೆ, ಮೈಯೂ ತಣಿಯುವುದಿಲ್ಲ. ಹವಾಮಾನ ಇಲಾಖೆ ಬಿಸಿಗಾಳಿಯ ಘೋಷಣೆಗೆ ಬಯಲು ಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಇಟ್ಟು, ಕರಾವಳಿಯಲ್ಲಿ 37ಕ್ಕೇ ಇಟ್ಟಿರುವುದು ಸುಮ್ಮನೆ ಅಲ್ಲ. ಹಾಗಾಗಿ ಡೊಂಬಿವಿಲಿಗೆ ಮರಳಿದ ಮೇಲೆ ನಾನು ಕಲಿತದ್ದನ್ನು ತಿರುವುಮುರುವು ಮಾಡಿಕೊಳ್ಳಬೇಕಾಯಿತು: ಇಲ್ಲಿ ಕಿಟಕಿ ತೆರೆದು ಗಾಳಿ ಹರಿಯಬೇಕು, ಫ್ಯಾನ್ ತಿರುಗಬೇಕು, ಒದ್ದೆ ಪರದೆ ಕೂಡದು. ಮಾರ್ಚ್ ತಿಂಗಳಲ್ಲಿ ಪೂರ್ವದ ಒಣಗಾಳಿ ಬೀಸಿ, ಸಮುದ್ರದ ಗಾಳಿ ಮಧ್ಯಾಹ್ನ ತಡವಾಗಿ ಬರುವ ಕೆಲವು ದಿನಗಳಲ್ಲಿ ಮಾತ್ರ ನಾನು ಮತ್ತೆ ಜೈಸಲ್ಮೇರಿನವಳಾಗಿ ಪರದೆ ಇಳಿಬಿಡುತ್ತೇನೆ.

ಇದನ್ನೆಲ್ಲ ನಿನ್ನೆ ಆ ಹುಡುಗಿಯನ್ನು ಕೂಡಿಸಿಕೊಂಡು ಓದಿ ಹೇಳಿದೆ. ಅವಳು ಪೆನ್ನು ಹಿಡಿದು ಕೇಳಿದಳು. "ಆಂಟಿ, ಹೊಸದಾಗಿ ಸೇರಿದವಳು ಮೊದಲ ದಿನವೇ ಹಗುರ ಕೆಲಸ ಕೊಡಿ ಅಂತ ಕೇಳಿದರೆ ಏನು ತಿಳಿದುಕೊಳ್ಳುತ್ತಾರೆ?" ಎಂದಳು. ಏನಾದರೂ ತಿಳಿದುಕೊಳ್ಳಲಿ, ಬರವಣಿಗೆಯಲ್ಲಿ ಕೇಳು ಎಂದೆ. ನಮ್ಮ ಊಟದ ಮೇಜಿನ ಮೇಲೆಯೇ ಕುಳಿತು, ಮೊದಲ ಹತ್ತು ದಿನ ಬೆಳಿಗ್ಗೆ ಹತ್ತರ ನಂತರದ ಬಿಸಿಲಿನ ಕೆಲಸವನ್ನು ಕ್ರಮೇಣ ಏರಿಸಬೇಕೆಂದೂ, ನೀರು, ನೆರಳು, ಶೌಚಾಲಯ ಎಲ್ಲಿವೆ ಎಂದು ತಿಳಿಸಬೇಕೆಂದೂ ತನ್ನ ಮೇಲಧಿಕಾರಿಗೆ ಮೇಲ್ ಬರೆದಳು. ಕಳುಹಿಸುವ ಮುನ್ನ ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡರು. ಇವತ್ತು ಸಂಜೆಯವರೆಗೆ ಉತ್ತರ ಬಂದಿಲ್ಲ; ನಾಳೆ ಬೆಳಿಗ್ಗೆ ಫೋನ್ ಮಾಡಿ ಕೇಳುವುದಾಗಿ ಅವಳು ಹೇಳಿದ್ದಾಳೆ.